ಪರದೆಯ ಮೇಲಿನ ಅಂಕಿ ಎಲ್ಲಿಂದ ಬರುತ್ತದೆ?

2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ. ಅಂದು ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಗೆ ನೈಸ್ ರಸ್ತೆ ಅಡ್ಡ ಹಾಯುವ ಗೊಟ್ಟಿಗೆರೆಯ ಆಸುಪಾಸಿನಲ್ಲಿ ಹೊಸ ಬಡಾವಣೆಗಳು ಏಳುತ್ತಲೇ ಇರುವುದರಿಂದ ಸಿಮೆಂಟು, ಕಬ್ಬಿಣ, ಪೈಪು, ಪೇಂಟು ಮಾರುವ ಅಂಗಡಿಗಳಿಗೆ ಕೊರತೆಯಿಲ್ಲ. ಅಂಥ ಒಂದು ಅಂಗಡಿಯಲ್ಲಿ ಮೂಟೆಗೆ 400 ರೂಪಾಯಿಯ ಲೆಕ್ಕದಲ್ಲಿ 50 ಮೂಟೆ ಸಿಮೆಂಟು ಕೊಂಡರೆ ತೆರಿಗೆಗೆ ಮುಂಚಿನ ಮೊತ್ತ 20,000. ಹಿಂದಿನ ದಿನವಾಗಿದ್ದರೆ ಅದರ ಮೇಲೆ 5,600 ತೆರಿಗೆ ಬಿದ್ದು ಬಿಲ್ಲು 25,600 ಆಗುತ್ತಿತ್ತು. ಅಂದು 3,600 ತೆರಿಗೆ, ಒಟ್ಟು 23,600. ಒಂದೇ ರಾತ್ರಿಯಲ್ಲಿ 2,000 ರೂಪಾಯಿ ವ್ಯತ್ಯಾಸ.

ಅಂಗಡಿಯ ಲೆಕ್ಕ ನೋಡಿಕೊಳ್ಳುವವರು ಇದಕ್ಕಾಗಿ ಮಾಡಬೇಕಾದ ಕೆಲಸ ಹೆಚ್ಚೇನಲ್ಲ. ಕಂಪ್ಯೂಟರಿನಲ್ಲಿ ಸಿಮೆಂಟಿನ ಮಾಸ್ಟರ್, ಅಂದರೆ ಅದರ ಮೂಲ ವಿವರಗಳ ಪರದೆ ತೆರೆದು, ಹೊಸ ದರವನ್ನೂ ಅದು ಯಾವತ್ತಿನಿಂದ ಜಾರಿ ಎಂಬ ತಾರೀಕನ್ನೂ ಹಾಕಿ ಉಳಿಸಬೇಕು. ಅಷ್ಟಾದ ಮೇಲೆ ಮುಂದಿನ ಬಿಲ್ಲಿನ ಪರದೆಯಲ್ಲಿ ಕೇಂದ್ರದ ಪಾಲು 9, ರಾಜ್ಯದ ಪಾಲು 9 ಎಂದು ತಾನಾಗಿಯೇ ಬರುತ್ತದೆ. ಒಟ್ಟು ಮೊತ್ತ, ಪ್ರಿಂಟಾಗುವ ಇನ್‌ವಾಯ್ಸು, ತಿಂಗಳ ಕೊನೆಯ ಜಿಎಸ್‌ಟಿ ವರದಿ ಎಲ್ಲವೂ ಹೊಸ ದರದಲ್ಲೇ ಬರುತ್ತವೆ. 28 ಎಂಬ ಅಂಕಿಯನ್ನು ಪ್ರೋಗ್ರಾಮಿನ ಒಳಗೆ, ಒಂದೊಂದು ಪರದೆಗೂ ಬೇರೆ ಬೇರೆಯಾಗಿ ಬರೆದಿಟ್ಟ ತಂತ್ರಾಂಶವಾದರೆ ಕಥೆಯೇ ಬೇರೆ. ಬರೆದವರನ್ನು ಹುಡುಕಬೇಕು, ಅವರು ಆ ಅಂಕಿ ಎಲ್ಲೆಲ್ಲಿದೆ ಎಂದು ಹುಡುಕಬೇಕು, ಸಿಗದೆ ಉಳಿದ ಒಂದು ಜಾಗದಿಂದ ತಪ್ಪು ಬಿಲ್ಲು ಹೊರಡಬೇಕು.

ಪರದೆಯ ಮೇಲಿನ ಚೌಕಗಳಿಗೂ ಒಳಗಿರುವ ಡೇಟಾಕ್ಕೂ ಗಂಟು ಹಾಕುವ ಈ ಕೆಲಸವನ್ನು ಪ್ರೋಗ್ರಾಮರುಗಳು ಡೇಟಾ ಬೈಂಡಿಂಗ್ ಎನ್ನುತ್ತಾರೆ. ಹೊರಗಿನವರಿಗೆ ಇದು ಕಾಣುವುದೇ ಇಲ್ಲ. ಸರಿಯಾಗಿ ನಡೆದಷ್ಟು ದಿನ ಅದರ ಬಗ್ಗೆ ಯೋಚಿಸುವ ಅಗತ್ಯವೂ ಇಲ್ಲ.

ತೊಂದರೆ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಮೊದಲು ನೋಡಬೇಕು. ಕಂಪ್ಯೂಟರಿನ ಮಟ್ಟಿಗೆ ಪರದೆಯಲ್ಲಿ ಕಾಣುವ ಅಂಕಿ ಬೇರೆ, ಲೆಕ್ಕದಲ್ಲಿರುವ ಅಂಕಿ ಬೇರೆ. ಟೆಕ್ಸ್ಟ್ ಬಾಕ್ಸಿನಲ್ಲಿ 50 ಎಂದು ಟೈಪ್ ಮಾಡಿದರೆ ಅದು ಬರಿಯ ಎರಡು ಅಕ್ಷರ. ಅದನ್ನು ಸಂಖ್ಯೆಯಾಗಿಸಿ ಒಳಗೆ ಸಾಗಿಸುವವರು ಯಾರಾದರೂ ಬೇಕು. ಒಳಗಿನ ಸಂಖ್ಯೆ ಬದಲಾದಾಗ ಅದನ್ನು ಮತ್ತೆ ಅಕ್ಷರವಾಗಿಸಿ ಹೊರಗೆ ತಂದು ತೋರಿಸುವವರೂ ಬೇಕು. ಹಳೆಯ ಪದ್ಧತಿಯಲ್ಲಿ ಈ ಎರಡೂ ಸಾಗಾಟವನ್ನು ಪ್ರೋಗ್ರಾಮರೇ ಕೈಯಾರೆ ಬರೆಯಬೇಕಿತ್ತು. ಪ್ರಮಾಣದ ಚೌಕ ಬದಲಾದರೆ ಪ್ರಮಾಣವನ್ನೂ ದರವನ್ನೂ ಓದಿಕೋ, ಗುಣಿಸು, ಮೊತ್ತದ ಚೌಕಕ್ಕೆ ಹಾಕು. ದರದ ಚೌಕ ಬದಲಾದರೂ ಅದೇ. ಅಷ್ಟರಲ್ಲಿ ಅಂಗಡಿಯವರು ರಿಯಾಯಿತಿಗೊಂದು ಚೌಕ ಬೇಕು ಅಂದರೆ ಮೊದಲಿನ ಎರಡೂ ಕಡೆ ತಿದ್ದಿ, ಮೂರನೆಯದನ್ನು ಹೊಸದಾಗಿ ಬರೆಯಬೇಕು. ಆಮೇಲೆ ಟೆಂಪೋ ಬಾಡಿಗೆಯ ಚೌಕ ಬರುತ್ತದೆ. ಎಲ್ಲೋ ಒಂದು ಕಡೆ ಮರೆವು ಆಗಿಯೇ ಆಗುತ್ತದೆ.

ಆಗ ಕೌಂಟರಿನಲ್ಲಿ ನಡೆಯುವ ಮಾತು ಹೀಗಿರುತ್ತದೆ:

"ಏನ್ ಸಾರ್, ಸ್ಕ್ರೀನಲ್ಲಿ 23,600 ಅಂತಿದೆ, ಬಿಲ್ಲಲ್ಲಿ 23,900 ಬಂದಿದೆಯಲ್ಲ?"

"ಇರಿ ಸಾರ್, ಟೆಂಪೋ ಬಾಡಿಗೆ ಸೇರಿಸಿದ್ದು ಸ್ಕ್ರೀನಿಗೆ ಬಂದಿಲ್ಲ ಅನ್ಸುತ್ತೆ."

ಆ 300 ರೂಪಾಯಿ ಒಳಗಿನ ಲೆಕ್ಕಕ್ಕೆ ಸೇರಿದೆ, ಪ್ರಿಂಟರಿಗೂ ಹೋಗಿದೆ, ಪರದೆಗೆ ಹೇಳುವುದೊಂದು ತಪ್ಪಿದೆ. ಲೆಕ್ಕ ತಪ್ಪಿಲ್ಲ. ಆದರೆ ಗಿರಾಕಿಯ ನಂಬಿಕೆ ಹೋಯಿತು.

ಬೈಂಡಿಂಗ್ ಇಲ್ಲಿ ಮಾಡುವ ಬದಲಾವಣೆ ಸಣ್ಣದು, ಪರಿಣಾಮ ದೊಡ್ಡದು. ಯಾವಾಗ ಯಾವುದನ್ನು ಎಲ್ಲಿಗೆ ಸಾಗಿಸಬೇಕು ಎಂದು ಹೆಜ್ಜೆ ಹೆಜ್ಜೆಗೂ ಬರೆಯುವ ಬದಲು, ಈ ಚೌಕ ಆ ಡೇಟಾದ್ದು ಎಂದು ಒಂದೇ ಸಲ ಘೋಷಿಸಿಬಿಡುವುದು. ಸಾಗಾಟ ಅಡಿಯಲ್ಲಿರುವ ವ್ಯವಸ್ಥೆಯ ಹೊಣೆ. ಅಂಕಿ ಒಂದೇ ಕಡೆ ಇರುತ್ತದೆ, ಪರದೆಗಳು ಎಷ್ಟು ಬೇಕಾದರೂ ಇರಬಹುದು.

ಈ ವಿಚಾರಕ್ಕೆ ಪುಸ್ತಕಗಳು ಕೊಡುವ ಉದಾಹರಣೆಗಳು ಸಾಮಾನ್ಯವಾಗಿ ಅಮೆರಿಕದವು. ಆದರೆ ಬೆಂಗಳೂರಿನಲ್ಲೇ ಹುಟ್ಟಿ, ದೇಶದ ಊರೂರಿನ ಅಂಗಡಿಗಳ ಕಂಪ್ಯೂಟರಿನಲ್ಲಿ ಕೂತಿರುವ ಒಂದು ಡೆಸ್ಕ್‌ಟಾಪ್ ತಂತ್ರಾಂಶ ಇದೇ ತತ್ವದ ಮೇಲೆ ನಿಂತಿದೆ. ಅದು ಟ್ಯಾಲಿ.

ಟ್ಯಾಲಿಯ ಕಥೆ 1986ಕ್ಕೆ ಹೋಗುತ್ತದೆ. ಕಾರ್ಖಾನೆಗಳಿಗೆ ಕಚ್ಚಾವಸ್ತು, ಯಂತ್ರದ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಗೆ ಒಂದನ್ನು ಬರೆದುಕೊಡಲು ಹೇಳಿದರು. ಡಾಸ್ ಕಾಲದ ಆ ತಂತ್ರಾಂಶ ಪ್ಯೂಟ್ರಾನಿಕ್ಸ್ ಎಂಬ ಕಂಪನಿಯ ಮೂಲಕ ಮಾರುಕಟ್ಟೆಗೆ ಬಂತು. ಕಂಪನಿಗೆ ಟ್ಯಾಲಿ ಸಲ್ಯೂಷನ್ಸ್ ಎಂಬ ಹೆಸರು ಬಂದದ್ದು 1999ರಲ್ಲಿ. 2009ರಲ್ಲಿ ಟ್ಯಾಲಿ.ಇಆರ್‌ಪಿ 9, 2020ರಲ್ಲಿ ಟ್ಯಾಲಿ ಪ್ರೈಮ್ ಹೊರಬಂದವು. ಅದೇ 2020ರಲ್ಲಿ ಭರತ್ ಗೋಯೆಂಕಾ ಅವರಿಗೆ ಪದ್ಮಶ್ರೀ ಬಂತು. ಟ್ಯಾಲಿ ಶುರುವಾದ ಕಾಲದ ಲೆಕ್ಕದ ತಂತ್ರಾಂಶಗಳು ಪ್ರತಿ ಖಾತೆಗೂ ಒಂದು ಸಂಕೇತ ಸಂಖ್ಯೆ ಕೇಳುತ್ತಿದ್ದಾಗ, ಟ್ಯಾಲಿ ಖಾತೆಯ ಹೆಸರನ್ನೇ ಟೈಪ್ ಮಾಡಲು ಬಿಟ್ಟಿತು. ಕೀರ್ದಿ ಖಾತೆ ಬರೆದು ಗೊತ್ತಿದ್ದ ಗುಮಾಸ್ತರಿಗೆ ಅದು ಒಗ್ಗಿದ್ದಕ್ಕೆ ಇದು ಮುಖ್ಯ ಕಾರಣ.

ಹೊರಗಿನವರಿಗೆ ಅಷ್ಟಾಗಿ ತಿಳಿಯದ ಇನ್ನೊಂದು ಸಂಗತಿ ಇದೆ. ಟ್ಯಾಲಿಯಲ್ಲಿ ನಾವು ಕಾಣುವ ಪರದೆಗಳನ್ನು ಟಿಡಿಎಲ್ ಎಂಬ, ಕಂಪನಿಯೇ ರೂಪಿಸಿದ ಭಾಷೆಯಲ್ಲಿ ಬರೆಯಲಾಗಿದೆ. ಪೂರ್ತಿ ಹೆಸರು ಟ್ಯಾಲಿ ಡೆಫಿನಿಷನ್ ಲ್ಯಾಂಗ್ವೇಜ್. ಅದರಲ್ಲಿ ಮೊದಲು ಇದನ್ನು ಮಾಡು, ಆಮೇಲೆ ಅದನ್ನು ಮಾಡು ಎಂಬ ಆಜ್ಞೆಗಳ ಸರಣಿಗಿಂತ ಯಾವುದು ಏನು ಎಂಬ ವ್ಯಾಖ್ಯೆಗಳೇ ಹೆಚ್ಚು. ರಿಪೋರ್ಟಿನೊಳಗೆ ಫಾರ್ಮ್, ಫಾರ್ಮಿನೊಳಗೆ ಪಾರ್ಟ್, ಪಾರ್ಟಿನೊಳಗೆ ಲೈನ್, ಲೈನಿನೊಳಗೆ ಫೀಲ್ಡ್. ಕಟ್ಟಕಡೆಯ ಫೀಲ್ಡೇ ನಾವು ಟೈಪ್ ಮಾಡುವ ಅಥವಾ ನೋಡುವ ಚೌಕ.

ಈಗ ಒಂದು ಫೀಲ್ಡನ್ನು ಹತ್ತಿರದಿಂದ ನೋಡೋಣ. ಸಿಮೆಂಟು ಅಂಗಡಿಯವರು ಬಿಲ್ಲಿನಲ್ಲಿ ಸರಕು ಒಯ್ದ ಗಾಡಿಯ ನಂಬರ್ ತಮಗೆ ಬೇಕಾದ ಜಾಗದಲ್ಲಿ, ಬೇಕಾದ ರೀತಿಯಲ್ಲಿ ಬರಬೇಕು ಎಂದು ಕೇಳಿದರು ಅನ್ನಿ. ಟಿಡಿಎಲ್ ಬಲ್ಲವರು ಹೊಸ ಫೀಲ್ಡೊಂದನ್ನು ವ್ಯಾಖ್ಯಾನಿಸಿ ಅದರಲ್ಲಿ ಸ್ಟೋರೇಜ್ ಎಂಬ ಸಾಲು ಬರೆದು, ಅದರ ಮುಂದೆ ಡೇಟಾದ ಹೆಸರು ಕೊಡುತ್ತಾರೆ. ಈ ಚೌಕದಲ್ಲಿ ಟೈಪ್ ಮಾಡಿದ್ದು ಆ ಹೆಸರಿನಡಿ ಉಳಿಯಲಿ ಎಂಬುದೇ ಆ ಸಾಲಿನ ಅರ್ಥ. ಪ್ರಿಂಟ್ ಆಗುವ ಕಡೆ ಇನ್ನೊಂದು ಫೀಲ್ಡ್ ಇಟ್ಟು, ಸೆಟ್ ಆ್ಯಸ್ ಎಂದು ಬರೆದು, ಅದೇ ಹೆಸರಿನ ಹಿಂದೆ $ ಚಿಹ್ನೆ ಹಾಕುತ್ತಾರೆ. ಆ ಡೇಟಾವನ್ನು ತಂದು ಇಲ್ಲಿ ತೋರಿಸು ಎಂದಾಯಿತು. ಒಳಗೆ ಹೋಗುವ ದಾರಿ ಒಂದು ಸಾಲು, ಹೊರಗೆ ಬರುವ ದಾರಿ ಇನ್ನೊಂದು ಸಾಲು. ನಡುವಿನ ಸಾಗಾಟಕ್ಕೆ ಒಂದಕ್ಷರವನ್ನೂ ಬರೆಯಬೇಕಿಲ್ಲ.

ಚಿಹ್ನೆಗಳ ಲೆಕ್ಕಾಚಾರವೂ ಅಚ್ಚುಕಟ್ಟಾಗಿದೆ. $ ಹಾಕಿದರೆ ಡೇಟಾದಲ್ಲಿರುವ ಬೆಲೆ. ಒಂದು # ಹಾಕಿದರೆ ಪರದೆಯ ಮೇಲಿರುವ ಇನ್ನೊಂದು ಚೌಕದ ಬೆಲೆ. ಎರಡು # ಹಾಕಿದರೆ ನೆನಪಿಟ್ಟುಕೊಂಡ ಚರದ ಬೆಲೆ. @ ಹಾಕಿದರೆ ಸೂತ್ರ. ಪರದೆಯ ಅಂಕಿ ಮತ್ತು ಡೇಟಾದ ಅಂಕಿ ಎರಡೂ ಒಂದಲ್ಲ ಎಂಬ ಎಚ್ಚರ ಭಾಷೆಯ ಚಿಹ್ನೆಯಲ್ಲೇ ಕೂತಿದೆ. ಆಮೇಲೆ ಬಂದ ಎಷ್ಟೋ ದೊಡ್ಡ ಭಾಷೆಗಳಲ್ಲಿ ಈ ಸ್ಪಷ್ಟತೆ ಇಲ್ಲ ಎಂದರೆ ಅತಿಶಯೋಕ್ತಿಯಲ್ಲ.

ಬಿಲ್ಲಿನಲ್ಲಿ ಎಷ್ಟು ಸಾಲು ಬರುತ್ತವೆ ಎಂದು ಮೊದಲೇ ಹೇಳಲಾಗದು. ಒಬ್ಬರು ಸಿಮೆಂಟು ಮಾತ್ರ ಒಯ್ಯುತ್ತಾರೆ, ಇನ್ನೊಬ್ಬರು ಮೊಳೆಯಿಂದ ಹಿಡಿದು ಮೋಟಾರಿನವರೆಗೆ ನಲವತ್ತು ಬಗೆ ಒಯ್ಯುತ್ತಾರೆ. ಅದಕ್ಕೆ ಟಿಡಿಎಲ್‌ನಲ್ಲಿ ರಿಪೀಟ್ ಎಂಬ ಸೌಲಭ್ಯ. ಒಂದು ಲೈನನ್ನು ವಿನ್ಯಾಸ ಮಾಡಿ, ಅದನ್ನು ಒಂದು ಕಲೆಕ್ಷನ್ನಿಗೆ, ಅಂದರೆ ದಾಖಲೆಗಳ ಗುಂಪಿಗೆ ಕಟ್ಟಿದರೆ, ಕಲೆಕ್ಷನ್ನಿನಲ್ಲಿ ಎಷ್ಟು ಸರಕಿದೆಯೋ ಅಷ್ಟು ಸಾಲು ಮೂಡುತ್ತವೆ. ಪ್ರತಿ ಸಾಲಿನ ಫೀಲ್ಡಿಗೂ ತಾನು ಯಾವ ಸರಕಿನ ಮುಂದೆ ನಿಂತಿದ್ದೇನೆ ಎಂಬುದು ಮೇಲಿನಿಂದ ತಿಳಿದುಬರುತ್ತದೆ. ವಿಂಡೋಸ್ ತಂತ್ರಾಂಶಗಳ ಪರದೆ ಕಟ್ಟಲು ಬಳಸುವ ಮೈಕ್ರೋಸಾಫ್ಟಿನ ಡಬ್ಲ್ಯೂಪಿಎಫ್‌ನಲ್ಲಿ ಇದನ್ನೇ ಡೇಟಾ ಕಾಂಟೆಕ್ಸ್ಟ್ ಎನ್ನುತ್ತಾರೆ. ಹೆಸರು ಬೇರೆ, ಉಪಾಯ ಒಂದೇ.

ಜಗತ್ತಿನ ಕಡೆ ನೋಡಿದರೆ ಈ ವಿಚಾರದ ಬೇರು ಹಳೆಯದು. 1963ರಲ್ಲಿ ಐವನ್ ಸದರ್ಲೆಂಡ್ ಎಂಐಟಿಯಲ್ಲಿ ಮಾಡಿದ ಸ್ಕೆಚ್‌ಪ್ಯಾಡ್ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಎರಡು ಗೆರೆಗಳ ನಡುವಿನ ಸಂಬಂಧವನ್ನು ಒಮ್ಮೆ ಹೇಳಿದರೆ ಅದನ್ನು ಕಂಪ್ಯೂಟರೇ ಕಾಯುತ್ತಿತ್ತು. 1979ರ ವಿಸಿಕ್ಯಾಲ್ಕ್ ಎಂಬ ಸ್ಪ್ರೆಡ್‌ಶೀಟ್ ಆ ಶಕ್ತಿಯನ್ನು ಲೆಕ್ಕ ಬರೆಯುವವರ ಕೈಗೆ ಕೊಟ್ಟಿತು. ಇವತ್ತು ಎಕ್ಸೆಲ್ಲಿನಲ್ಲಿ ಒಂದು ಕೋಶಕ್ಕೆ ಸೂತ್ರ ಹಾಕುವ ಪ್ರತಿಯೊಬ್ಬರೂ ತಿಳಿಯದೆಯೇ ಬೈಂಡಿಂಗ್ ಮಾಡುತ್ತಿದ್ದಾರೆ. ಅದೇ 1979ರಲ್ಲಿ ನಾರ್ವೆಯ ಟ್ರಿಗ್ವೆ ರೀನ್‌ಸ್ಕೌಗ್ ಜೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದಲ್ಲಿ ಡೇಟಾ ಬೇರೆ, ಅದರ ನೋಟ ಬೇರೆ ಎಂದು ಎರಡನ್ನೂ ವಿಂಗಡಿಸುವ ವಿನ್ಯಾಸವನ್ನು ಬರೆದಿಟ್ಟರು. 1993ರ ವಿಷುವಲ್ ಬೇಸಿಕ್ 3ರಲ್ಲಿ ಡೇಟಾ ಕಂಟ್ರೋಲ್ ಬಂತು. ಹಿಂದೆ ಮುಂದೆ ಹೋಗುವ ಬಾಣದ ಗುರುತಿನ ಪಟ್ಟಿಯೊಂದನ್ನು ಫಾರ್ಮಿನ ಮೇಲಿಟ್ಟು ಟೆಕ್ಸ್ಟ್ ಬಾಕ್ಸುಗಳನ್ನು ಅದಕ್ಕೆ ಕಟ್ಟಿದರೆ, ಬಾಣ ಒತ್ತಿದಂತೆ ದಾಖಲೆಗಳು ಒಂದೊಂದಾಗಿ ಬರುತ್ತಿದ್ದವು. ಆಪಲ್ ತನ್ನ ಕೊಕೋವಾ ಬೈಂಡಿಂಗ್ಸನ್ನು 2003ರಲ್ಲಿ ತಂದಿತು. 2006ರಲ್ಲಿ ಡಬ್ಲ್ಯೂಪಿಎಫ್ ಬಂತು. ಅದಕ್ಕೆ ಒಂದು ವರ್ಷ ಮುಂಚೆ ಮೈಕ್ರೋಸಾಫ್ಟಿನ ಜಾನ್ ಗಾಸ್‌ಮನ್ ಅದಕ್ಕೆ ಹೊಂದುವ ಎಂವಿವಿಎಂ ಮಾದರಿಯನ್ನು ವಿವರಿಸಿದ್ದರು. ಇದೇ ಸೌಲಭ್ಯ ಜಾವಾದವರಿಗೆ ಜಾವಾಎಫ್ಎಕ್ಸ್‌ನಲ್ಲಿ, ಕ್ಯೂಟಿಯವರಿಗೆ ಕ್ಯೂಎಂಎಲ್‌ನಲ್ಲಿ ಇದೆ.

ಇವೆಲ್ಲದರ ಒಳಗೆ ನಡೆಯುವ ಕೆಲಸ ಊರಿನಲ್ಲಿ ಡಂಗೂರ ಸಾರಿದಂತೆ. ಡೇಟಾ ವಸ್ತುವಿನಲ್ಲಿ ಒಂದು ಬೆಲೆ ಬದಲಾದ ಕೂಡಲೇ ಅದು "ದರ ಬದಲಾಯಿತು" ಎಂದು ಸಾರುತ್ತದೆ. ಯಾರ್‍ಯಾರು ದರಕ್ಕೆ ಕಿವಿಗೊಟ್ಟು ಕೂತಿದ್ದಾರೋ ಆ ಚೌಕಗಳು ಎದ್ದು ಬಂದು ಹೊಸ ಬೆಲೆ ಓದಿಕೊಳ್ಳುತ್ತವೆ. ಯಾವ ಪರದೆ ತೆರೆದಿದೆ, ಎಷ್ಟು ಚೌಕಗಳಿವೆ ಎಂಬುದು ಡೇಟಾ ವಸ್ತುವಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಡಬ್ಲ್ಯೂಪಿಎಫ್ ಸೇರಿದ ಮೈಕ್ರೋಸಾಫ್ಟಿನ ಡಾಟ್‌ನೆಟ್ ಲೋಕದಲ್ಲಿ ಈ ಸಾರುವ ಕರಾರಿಗೆ ಐನೋಟಿಫೈ ಪ್ರಾಪರ್ಟಿ ಚೇಂಜ್ಡ್ ಎಂದು ಹೆಸರು. ಹೊಸಬರು ಮಾಡುವ ಮೊದಲ ತಪ್ಪು ಇದನ್ನು ಬರೆಯದೆ ಬಿಡುವುದು. ಪರದೆ ತೆರೆದಾಗ ಅಂಕಿ ಸರಿಯಾಗಿಯೇ ಕಾಣುತ್ತದೆ, ಆಮೇಲೆ ಏನೇ ಬದಲಾದರೂ ಅಲ್ಲಾಡುವುದಿಲ್ಲ.

ಒಂದೇ ಡೇಟಾಕ್ಕೆ ಎರಡು ನೋಟ ಎಂಬುದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ಉದಾಹರಣೆ ಇದೆ. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಲಾಯಿತು. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿದ್ದ ದಾಖಲೆಗಳು ತಾಲ್ಲೂಕು ಕಚೇರಿಯ ಕಿಯಾಸ್ಕಿಗೆ ಬಂದವು. 15 ರೂಪಾಯಿ ಕೊಟ್ಟರೆ ಪಹಣಿಯ ಪ್ರತಿ ಸಿಗುತ್ತಿತ್ತು. ಆ ಕಿಯಾಸ್ಕಿನಲ್ಲಿ ಸಿಬ್ಬಂದಿಯ ಮುಂದೆ ಒಂದು ಪರದೆ, ರೈತರ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ ಇರುತ್ತಿತ್ತು. ಒಳಗೆ ಕೂತವರು ಏನು ತೆಗೆದು ನೋಡುತ್ತಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದು ಹೊರಗೆ ನಿಂತ ರೈತರಿಗೂ ಅದೇ ಹೊತ್ತಿಗೆ ಕಾಣಲಿ ಎಂಬುದು ಉದ್ದೇಶ. ಎರಡನೆಯ ಪರದೆಯಲ್ಲಿ ಬೇರೆ ಲೆಕ್ಕ ತೋರಿಸಿದರೆ ಅದಕ್ಕೆ ಬೆಲೆಯೇ ಇಲ್ಲ. ಎರಡೂ ಒಂದೇ ದಾಖಲೆಯ ನೋಟಗಳಾಗಿದ್ದರೆ ಮಾತ್ರ ಅದು ಪಾರದರ್ಶಕತೆ. ಪಾಲಿಕೆಗೆ ಸೇರುವ ಮುಂಚೆ ಬೆಂಗಳೂರು ದಕ್ಷಿಣ ತಾಲ್ಲೂಕಿನ ಹಳ್ಳಿಯಾಗಿದ್ದ ಗೊಟ್ಟಿಗೆರೆಯಲ್ಲಿ ಇಂದು ಸೈಟು ಕೊಳ್ಳುವವರು ಹಳೆಯ ಸರ್ವೆ ನಂಬರಿನ ಪಹಣಿ ಕೇಳಿದರೆ, ಆ ಕಾಗದವೂ ಇದೇ ಭೂಮಿ ವ್ಯವಸ್ಥೆಯಿಂದಲೇ ಬರುತ್ತದೆ.

ಇಷ್ಟು ಕೇಳಿದ ಮೇಲೆ ಎಲ್ಲವನ್ನೂ ಎಲ್ಲಕ್ಕೂ ಕಟ್ಟಿಬಿಟ್ಟರೆ ಆಯಿತು ಅನ್ನಿಸಬಹುದು. ಈ ವಿದ್ಯೆಯ ನಿಜವಾದ ಕಷ್ಟ ಇರುವುದೇ ಅಲ್ಲಿ.

ಸಿಮೆಂಟಿನ ಲೆಕ್ಕವನ್ನೇ ತೆಗೆದುಕೊಳ್ಳಿ. ತೆರಿಗೆ ದರ ಒಂದೇ ಕಡೆ ಇರಬೇಕು, ಎಲ್ಲ ಬಿಲ್ಲುಗಳೂ ಅದಕ್ಕೇ ಕಟ್ಟಿಕೊಂಡಿರಬೇಕು ಎಂದು ಒಬ್ಬ ಉತ್ಸಾಹಿ ಪ್ರೋಗ್ರಾಮರ್ ಮಾಡಿಟ್ಟರೆ ಸೆಪ್ಟೆಂಬರ್ 22ರ ಬೆಳಿಗ್ಗೆ ಅನಾಹುತವೇ ಆಗುತ್ತದೆ. ಆಗಸ್ಟ್ ತಿಂಗಳ ಹಳೆಯ ಬಿಲ್ಲು ತೆರೆದರೆ ಅದರಲ್ಲೂ 18 ಕಾಣುತ್ತದೆ. ಗಿರಾಕಿ 25,600 ಕೊಟ್ಟು ಹೋಗಿದ್ದಾರೆ, ಪರದೆ 23,600 ಎನ್ನುತ್ತದೆ, ತೆರಿಗೆ ಇಲಾಖೆಗೆ ಸಲ್ಲಿಸಿದ ಲೆಕ್ಕ ಇನ್ನೇನೋ ಹೇಳುತ್ತದೆ. ಆದ್ದರಿಂದಲೇ ದರದ ಜೊತೆಗೆ ಜಾರಿಯ ತಾರೀಕನ್ನೂ ಕೇಳುವುದು. ಹಳೆಯ ಬಿಲ್ಲಿಗೆ ಅದರ ತಾರೀಕಿನ ದರವೇ ಅಂಟಿಕೊಂಡಿರಬೇಕು. ಅದೇ, ಗಿರಾಕಿಯ ಖಾತೆಯ ಹೆಸರಿನಲ್ಲಿದ್ದ ಅಕ್ಷರದೋಷವನ್ನು ಇಂದು ತಿದ್ದಿದರೆ ಟ್ಯಾಲಿಯಲ್ಲಿ ಹಿಂದಿನ ವೋಚರುಗಳಲ್ಲೂ, ಅಂದರೆ ಒಂದೊಂದು ವಹಿವಾಟಿನ ನಮೂದುಗಳಲ್ಲೂ, ತಿದ್ದಿದ ಹೆಸರೇ ಕಾಣುತ್ತದೆ. ಹೆಸರು ಜೀವಂತ ನಂಟು, ಮೊತ್ತ ಅಂದಿನ ದಾಖಲೆ. ಯಾವುದು ಹರಿಯುತ್ತಿರಬೇಕು, ಯಾವುದು ಹೆಪ್ಪುಗಟ್ಟಬೇಕು ಎಂಬುದನ್ನು ಯಾವ ಭಾಷೆಯೂ ತಾನಾಗಿ ನಿರ್ಧರಿಸಲಾರದು. ವ್ಯಾಪಾರ ಬಲ್ಲವರನ್ನು ಕೇಳಿಯೇ ತಿಳಿಯಬೇಕು.

ಡಬ್ಲ್ಯೂಪಿಎಫ್‌ನಲ್ಲಿ ಇದಕ್ಕೆ ಬಗೆಬಗೆಯ ಆಯ್ಕೆಗಳಿವೆ. ಡೇಟಾದಿಂದ ಪರದೆಗೆ ಮಾತ್ರ ಹರಿಯುವುದು ಒಂದು. ಪಾರ್ಟಿಯ ಹೆಸರಿನ ಕೆಳಗೆ ಕಾಣುವ ಬಾಕಿಯಂಥದ್ದು ಇದಕ್ಕೆ ಸೇರುತ್ತದೆ, ಅದನ್ನು ಅಲ್ಲೇ ತಿದ್ದಲು ಬಿಟ್ಟರೆ ಸಾಲ ತೀರಿಸುವುದು ಬಹಳ ಸುಲಭವಾಗಿಬಿಡುತ್ತದೆ. ಎರಡೂ ಕಡೆ ಹರಿಯುವುದು ಇನ್ನೊಂದು. ಒಮ್ಮೆ ಮಾತ್ರ ಓದಿಕೊಂಡು ಸುಮ್ಮನಾಗುವುದು ಮತ್ತೊಂದು. ಪರದೆಯಿಂದ ಡೇಟಾಕ್ಕೆ ಮಾತ್ರ ಹೋಗುವ, ಅಪರೂಪಕ್ಕೆ ಬೇಕಾಗುವ ಬಗೆಯೂ ಇದೆ. ಟಿಡಿಎಲ್‌ನಲ್ಲಿ ಸೆಟ್ ಆ್ಯಸ್ ಎಂದಷ್ಟೇ ಬರೆದರೆ ಚೌಕಕ್ಕೆ ಮೊದಲ ಬೆಲೆ ಬರುತ್ತದೆ, ಬಳಕೆದಾರರು ಅದನ್ನು ಬದಲಿಸಬಹುದು. ಜೊತೆಗೆ ಸೆಟ್ ಆಲ್ವೇಸ್ ಎಂಬ ಸಾಲು ಸೇರಿಸಿದರೆ ಅದು ಬೆನ್ನು ಬಿಡದೆ ಸೂತ್ರದ ಬೆಲೆಯನ್ನೇ ಹಾಕುತ್ತಿರುತ್ತದೆ. ಒಂದು ಸಾಲಿನ ವ್ಯತ್ಯಾಸ, ಆದರೆ ಅಂಗಡಿಯವರಿಗೆ ಚೌಕಾಸಿಯ ದರ ಹಾಕಲು ಬಿಡುತ್ತದೋ ಇಲ್ಲವೋ ಎಂಬುದು ಅದರ ಮೇಲೆಯೇ ನಿಂತಿದೆ.

ಯಾವಾಗ ಒಳಗೆ ಹೋಗಬೇಕು ಎಂಬುದೂ ಅಷ್ಟೇ ಮುಖ್ಯ. ಡಬ್ಲ್ಯೂಪಿಎಫ್‌ನ ಟೆಕ್ಸ್ಟ್ ಬಾಕ್ಸಿನಲ್ಲಿ ಟೈಪ್ ಮಾಡಿದ್ದು, ಬೇರೇನೂ ಹೇಳದಿದ್ದರೆ, ಕರ್ಸರ್ ಆ ಚೌಕ ಬಿಟ್ಟು ಹೊರಟಾಗ ಡೇಟಾಕ್ಕೆ ಹೋಗುತ್ತದೆ. ಪ್ರತಿ ಅಕ್ಷರಕ್ಕೂ ಹೋಗುವಂತೆ ಮಾಡಿದರೆ 50 ಎಂದು ಟೈಪ್ ಮಾಡುವ ನಡುವೆ ಕ್ಷಣಕಾಲ 5 ಮೂಟೆಯ ಬಿಲ್ಲು ತಯಾರಾಗುತ್ತದೆ. ಟ್ಯಾಲಿಯವರು ವೋಚರಿಗೆ ಬೇರೆಯೇ ದಾರಿ ಹಿಡಿದಿದ್ದಾರೆ. ಇಡೀ ವೋಚರ್ ತುಂಬಿ, ಕೊನೆಯಲ್ಲಿ ಒಪ್ಪುವಿರಾ ಎಂಬ ಪ್ರಶ್ನೆಗೆ ಹೌದು ಅಂದ ಮೇಲೆಯೇ ಎಲ್ಲವೂ ಒಟ್ಟಿಗೆ ಪುಸ್ತಕಕ್ಕೆ ಹೋಗುತ್ತದೆ. ಅಲ್ಲಿಯತನಕ ಎಸ್ಕೇಪ್ ಒತ್ತಿ ಹೊರಬಂದರೆ ಏನೂ ಆಗಿಲ್ಲ. ಲೆಕ್ಕದ ಕೆಲಸಕ್ಕೆ ಇದೇ ಸರಿ. ಜಮಾ ಒಳಗೆ ಹೋಗಿ ಖರ್ಚು ಹೊರಗೇ ಉಳಿದ ಅರ್ಧಂಬರ್ಧ ನಮೂದು ಯಾರಿಗೂ ಬೇಡ.

ಎರಡೂ ಕಡೆಯ ನಂಟಿನಲ್ಲಿ ಸುತ್ತು ಬೀಳುವ ಅಪಾಯವಿದೆ. ಪ್ರಮಾಣ ಮತ್ತು ದರದಿಂದ ಮೊತ್ತ, ಮೊತ್ತ ತಿದ್ದಿದರೆ ಅದರಿಂದ ದರ ಎಂದು ಕಟ್ಟಿದ ಪರದೆಯಲ್ಲಿ 3 ವಸ್ತುವಿಗೆ 100 ರೂಪಾಯಿ ಎಂದು ಹಾಕಿ ನೋಡಿ. ದರ 33.33 ಆಗುತ್ತದೆ, ಆ ದರದಿಂದ ಮೊತ್ತ 99.99 ಆಗುತ್ತದೆ, ಹಾಕಿದ ನೂರು ಕಣ್ಣೆದುರೇ ಮಾಯ. ಬಲ್ಲವರು ಬಳಕೆದಾರರು ಕೊನೆಗೆ ಮುಟ್ಟಿದ ಚೌಕಕ್ಕೆ ಮರ್ಯಾದೆ ಕೊಟ್ಟು ಅದನ್ನು ಹಾಗೇ ಬಿಡುತ್ತಾರೆ. ಬೆಲೆ ನಿಜವಾಗಿ ಬದಲಾಗಿದ್ದರೆ ಮಾತ್ರ ಸಾರುತ್ತಾರೆ.

ಬೈಂಡಿಂಗಿನ ಇನ್ನೊಂದು ದುರ್ಗುಣವೆಂದರೆ ಮೌನ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಡಬ್ಲ್ಯೂಪಿಎಫ್ ತಂತ್ರಾಂಶ ನಿಲ್ಲುವುದಿಲ್ಲ, ಕೂಗುವುದಿಲ್ಲ. ಚೌಕ ಖಾಲಿ ಕಾಣುತ್ತದೆ, ಅಷ್ಟೇ. ದೂರು ದಾಖಲಾಗುವುದು ಪ್ರೋಗ್ರಾಮರ್ ಬಳಸುವ ವಿಷುವಲ್ ಸ್ಟುಡಿಯೋದ ಔಟ್‌ಪುಟ್ ಕಿಟಕಿಯಲ್ಲಿ, ಅಂಗಡಿಯವರು ಅದನ್ನು ಎಂದೂ ನೋಡಲಾರರು. ಕೈಯಾರೆ ಬರೆದ ಕೋಡಿನಲ್ಲಿ ಇಂಥ ತಪ್ಪನ್ನು ಕೋಡನ್ನು ಯಂತ್ರಕ್ಕೆ ಅರ್ಥವಾಗುವಂತೆ ತಿರುಗಿಸುವ ಕಂಪೈಲರ್ ಹಿಡಿಯುತ್ತಿತ್ತು. ಮುಂದೆ ಬಂದ ಕೆಲವು ಸೌಲಭ್ಯಗಳು, ಮುಖ್ಯವಾಗಿ 2015ರಲ್ಲಿ ವಿಂಡೋಸ್ 10ರ ಆ್ಯಪ್‌ಗಳಿಗೆ ಬಂದ ಎಕ್ಸ್ ಬೈಂಡ್, ಈ ನಂಟನ್ನೂ ಕಂಪೈಲರಿನ ಕಣ್ಣಿಗೆ ಬೀಳಿಸಿದವು. ಈ ಸುಧಾರಣೆ ತಡವಾಗಿ ಬಂತು ಎಂದೇ ಹೇಳಬೇಕು.

ನಮ್ಮವರನ್ನೂ ಕಾಡುವ ಒಂದು ಸಂಗತಿ ಇದೆ. ಬೆಂಗಳೂರಿನ ಕಂಪ್ಯೂಟರಿನಲ್ಲಿ, ಪ್ರದೇಶ ಭಾರತ ಎಂದೇ ಇಟ್ಟಿದ್ದರೂ, ಡಬ್ಲ್ಯೂಪಿಎಫ್ ಬೈಂಡಿಂಗಿಗೆ ಹಣದ ರೂಪದಲ್ಲಿ ತೋರಿಸು ಎಂದರೆ ರೂಪಾಯಿಯ ಬದಲು ಡಾಲರ್ ಚಿಹ್ನೆ ಬರುತ್ತದೆ. 1,25,000 ಎಂದಿರಬೇಕಾದ್ದು 125,000 ಆಗುತ್ತದೆ, ತಾರೀಕಿನಲ್ಲಿ ತಿಂಗಳು ಮುಂದೆ ಬರುತ್ತದೆ. ಬೇರೆ ಹೇಳದ ಹೊರತು ಪರದೆಯ ಭಾಷೆ ಅಮೆರಿಕದ ಇಂಗ್ಲಿಷ್ ಎಂದು ಅದು ಹಿಡಿದುಕೊಂಡಿರುವುದೇ ಕಾರಣ. ತಂತ್ರಾಂಶ ಶುರುವಾಗುವ ಜಾಗದಲ್ಲಿ ಪ್ರದೇಶದ ಭಾಷೆಯನ್ನು ಬಳಸು ಎಂದು ಒಮ್ಮೆ ಹೇಳಿಬಿಟ್ಟರೆ ಸರಿಹೋಗುತ್ತದೆ. ಮೊದಲ ಸಲ ಡಾಲರ್ ಕಂಡವರು ಮಾತ್ರ ಅರ್ಧ ದಿನ ತಲೆ ಕೆರೆದುಕೊಳ್ಳುತ್ತಾರೆ.

ಕನ್ನಡ ಪಠ್ಯದ್ದು ಇನ್ನೂ ಪಾಠ ಕಲಿಸುವ ಕಥೆ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹದಂಥ ತಂತ್ರಾಂಶಗಳಲ್ಲಿ ಕನ್ನಡವನ್ನು ಫಾಂಟಿಗೆ ಅಂಟಿಸಿದ ಸಂಕೇತದಲ್ಲಿ ಉಳಿಸುತ್ತಿದ್ದರು. ಡೇಟಾದಲ್ಲಿ ಇರುತ್ತಿದ್ದದ್ದು ಕನ್ನಡ ಅಕ್ಷರವಲ್ಲ, ಅಕ್ಷರದ ಆಕಾರದ ತುಣುಕುಗಳ ಸಂಖ್ಯೆ. ಅಂಥ ಡೇಟಾವನ್ನು ಯಾವುದೇ ಚೌಕಕ್ಕೆ ಕಟ್ಟಿದರೆ, ಆ ಚೌಕದ ಫಾಂಟು ಅದೇ ಆಗಿದ್ದರೆ ಮಾತ್ರ ಕನ್ನಡ, ಇಲ್ಲದಿದ್ದರೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಅಕಾರಾದಿಯಾಗಿ ಜೋಡಿಸಲೂ ಬರುತ್ತಿರಲಿಲ್ಲ. ಡೇಟಾದೊಳಗೆ ನೋಟ ನುಸುಳಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಕಣ್ಣಿಗೆ ಕಟ್ಟುವ ಉದಾಹರಣೆ ಸಿಗದು. ಯೂನಿಕೋಡಿನಲ್ಲಿ ಕ ಎಂಬುದು ಯಾವ ಫಾಂಟಿನಲ್ಲೂ ಕ. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಫಾಂಟ್ ಬಂದ ಮೇಲೆ ಡೆಸ್ಕ್‌ಟಾಪಿನ ಸಾಧಾರಣ ಟೆಕ್ಸ್ಟ್ ಬಾಕ್ಸಿಗೂ ಕನ್ನಡ ಡೇಟಾವನ್ನು ನೇರವಾಗಿ ಕಟ್ಟುವುದು ಸಾಧ್ಯವಾಯಿತು. ಹಳೆಯ ಸಂಕೇತದ ಕಡತಗಳನ್ನು ಪರಿವರ್ತಿಸುವ ಕೆಲಸ ಇನ್ನೂ ಅಲ್ಲಲ್ಲಿ ನಡೆದೇ ಇದೆ.

ಹಾಗೆಂದು ಎಲ್ಲ ಕಡೆಯೂ ಬೈಂಡಿಂಗ್ ಬೇಕೇ? ಎರಡು ಚೌಕ, ಒಂದು ಬಟನ್ ಇರುವ ಸಣ್ಣ ಉಪಕರಣಕ್ಕೆ ನಾಲ್ಕು ಸಾಲಿನ ನೇರ ಕೋಡೇ ವಾಸಿ. ಓದಿದವರಿಗೆ ತಕ್ಷಣ ಅರ್ಥವಾಗುತ್ತದೆ. ಬಿಲ್ಲು, ದಾಸ್ತಾನು, ಆಸ್ಪತ್ರೆಯ ನೋಂದಣಿ, ಶಾಲೆಯ ಶುಲ್ಕ ಇಂಥ ತುಂಬು ಫಾರ್ಮುಗಳ ಡೆಸ್ಕ್‌ಟಾಪ್ ತಂತ್ರಾಂಶದಲ್ಲಿ ಮಾತ್ರ ಬೈಂಡಿಂಗ್ ಬಿಟ್ಟು ಹೊರಡುವುದು ಮೊಂಡುತನ.

ಬನ್ನೇರುಘಟ್ಟ ರಸ್ತೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುವವರೂ ಕಾಮರ್ಸ್ ಮುಗಿಸಿ ಅಕೌಂಟ್ಸ್ ಕೆಲಸ ಹುಡುಕುವವರೂ ಇದನ್ನು ದುಡ್ಡಿಲ್ಲದೆ ಪರೀಕ್ಷಿಸಬಹುದು. ಟ್ಯಾಲಿ ಪ್ರೈಮನ್ನು ಇಳಿಸಿಕೊಂಡು ಎಜುಕೇಷನಲ್ ಮೋಡ್‌ನಲ್ಲಿ ತೆರೆಯಿರಿ. ಒಂದು ಖಾತೆ ಮಾಡಿ, ಅದಕ್ಕೆರಡು ಮಾರಾಟದ ವೋಚರ್ ಹಾಕಿ, ಆಮೇಲೆ ಖಾತೆಯ ಹೆಸರು ಬದಲಿಸಿ ಹಳೆಯ ವೋಚರ್ ತೆರೆದು ನೋಡಿ. ಯಾವುದು ಬದಲಾಯಿತು, ಯಾವುದು ಬದಲಾಗಲಿಲ್ಲ ಎಂದು ಪಟ್ಟಿ ಮಾಡಿಕೊಳ್ಳಿ. ನಿಮ್ಮ ಅಂಗಡಿಗೆ ಯಾರಾದರೂ ಹೊಸ ಬಿಲ್ಲಿಂಗ್ ತಂತ್ರಾಂಶ ಮಾರಲು ಬಂದರೆ ಅದರಲ್ಲೂ ಇದೇ ಪರೀಕ್ಷೆ ಮಾಡಿಸಿ, ಆಮೇಲೆ ಹಣದ ಮಾತಾಡಿ. ನೆನಪಿರಲಿ, ಎಜುಕೇಷನಲ್ ಮೋಡ್‌ನಲ್ಲಿ ತಿಂಗಳ 1, 2 ಮತ್ತು 31ನೇ ತಾರೀಕಿನ ವೋಚರುಗಳನ್ನು ಮಾತ್ರ ಹಾಕಬಹುದು.